ಬೂಟಿಗೊಂದು ಬೇರೆ ಕ್ರಿಯಾಪದ

ಕಳೆದ ವರ್ಷ ಅಕ್ಟೋಬರಿನ ಒಂದು ಸಂಜೆ. ರಿಗಾದಲ್ಲಿ ಆಗಲೇ ಕತ್ತಲು, ಜಿಟಿಜಿಟಿ ಮಳೆ. ನಾಲ್ಕೂವರೆ ವರ್ಷದ ಮಗಳನ್ನು ಶಿಶುವಿಹಾರದಿಂದ ಕರೆತರಲು ಹೋದರೆ ಅವಳು ಬೆಂಚಿನ ಮೇಲೆ ಬರೀ ಸಾಕ್ಸಿನಲ್ಲಿ ಕಾಲು ಮಡಚಿಕೊಂಡು ಕೂತಿದ್ದಳು. ಉಳಿದ ಮಕ್ಕಳ ಕಾಲಲ್ಲೆಲ್ಲ ಬಣ್ಣಬಣ್ಣದ ಮೆತ್ತನೆಯ ಚಪ್ಪಲಿ. ಇವಳ ಶೂ ಮಾತ್ರ ನೀರು ಕುಡಿದು ಹೀಟರ್ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಮಲಗಿತ್ತು. "ಅಪ್ಪಾ, ಎಲ್ಲರೂ ನೀರಲ್ಲಿ ಆಡಿದ್ರು, ನನ್ನ ಹತ್ರ ಬೂಟೇ ಇರ್ಲಿಲ್ಲ" ಅಂದಳು. ಅಳಲಿಲ್ಲ, ವರದಿ ಒಪ್ಪಿಸುವ ಹಾಗೆ ಹೇಳಿದಳು. ಅಳುವುದಕ್ಕಿಂತ ಅದೇ ಹೆಚ್ಚು ಚುರ್ ಅನ್ನಿಸಿತು.

ತಪ್ಪು ನನ್ನದೇ. ಒಂದು ವಾರ ಮೊದಲೇ ಟೀಚರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅದರಲ್ಲಿ 'ಗುಮಿಯಸ್ ಜಾಬಕಿ' ಮತ್ತು 'ಮೈಞಸ್ ಅಪವಿ' ತರಬೇಕು ಅಂತಿತ್ತು. ಎರಡು ವರ್ಷದ ಲಾಟ್ವಿಯನ್ ಕಲಿಕೆಯಲ್ಲಿ ನನಗೆ 'ಮೈಞ' ಅಂದರೆ ಪಾಳಿ ಅಂತ ಗೊತ್ತಿತ್ತು, ನೈಟ್ ಶಿಫ್ಟ್ ಮಾಡುವ ನಮ್ಮ ಸಪೋರ್ಟ್ ಟೀಮಿನವರ ಬಾಯಲ್ಲಿ ದಿನಾ ಕೇಳುವ ಪದ. ಹಾಗಾಗಿ ಇದು ಪಾಳಿಯಲ್ಲಿ ಕೆಲಸ ಮಾಡುವ ಆಯಾಗಳಿಗೆ ಹಾಕಿದ ನೋಟಿಸು ಅಂದುಕೊಂಡು ಮುಂದೆ ಹೋಗಿದ್ದೆ! ಆ ಪದಕ್ಕೆ 'ಬದಲಾವಣೆ' ಅಂತಲೂ ಅರ್ಥವಿದೆ. 'ಮೈಞಸ್ ಅಪವಿ' ಅಂದರೆ ಒಳಗೆ ಬಂದ ಮೇಲೆ ಬದಲಿಸಿಕೊಳ್ಳುವ ಪಾದರಕ್ಷೆ, ಇಲ್ಲಿನ ಶಾಲೆಗಳಲ್ಲೆಲ್ಲ ಇರುವ ಪದ್ಧತಿ. 'ಗುಮಿಯಸ್ ಜಾಬಕಿ' ರಬ್ಬರ್ ಬೂಟು. ಮಳೆ ಬಂದರೂ ಮಕ್ಕಳನ್ನು ಹೊರಗೆ ಆಡಿಸದೆ ಬಿಡುವ ಜನ ಇವರಲ್ಲ. ರಬ್ಬರ್ ಬೂಟು ಅಂದರೆ ಇಲ್ಲಿ ಸ್ಲೇಟು ಬಳಪ ಇದ್ದ ಹಾಗೆ.

ಆವತ್ತು ರಾತ್ರಿ ನಾನೂ ನನ್ನ ಹೆಂಡತಿಯೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ಕೋರ್ಸಿನಲ್ಲಿ ಹೇಳಿಕೊಡುವ ವಿಮಾನ ನಿಲ್ದಾಣ, ಹೋಟೆಲ್ ರೂಮು, 'ನನ್ನ ಹವ್ಯಾಸ ಈಜು' ಎಲ್ಲ ಪಕ್ಕಕ್ಕಿರಲಿ. ಮೊದಲು ಕಾಲಿಗೆ ಹಾಕುವುದನ್ನೆಲ್ಲ ಕಲಿಯೋಣ ಅಂತ. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಎಸ್ಟೋನಿಯಾ ಮತ್ತು ಲಿಥುವೇನಿಯಾ ನಡುವೆ ಇರುವ ಈ ಪುಟ್ಟ ದೇಶದ ಜನಸಂಖ್ಯೆ 20 ಲಕ್ಷಕ್ಕೂ ಕಡಿಮೆ. ಇವರ ಭಾಷೆ ಕಲಿಸುವ ಪುಸ್ತಕ ಬೆಂಗಳೂರಿನ ಯಾವ ಅಂಗಡಿಯಲ್ಲೂ ನನಗೆ ಕಂಡಿರಲಿಲ್ಲ, ಕನ್ನಡದಲ್ಲಂತೂ ಕೇಳಲೇಬೇಡಿ. ಎಂಜಿನಿಯರ್ ಬುದ್ಧಿ, ಎಕ್ಸೆಲ್ ಶೀಟ್ ತೆರೆದೆ. ಒಂದು ಕಡೆ ಲಾಟ್ವಿಯನ್, ಪಕ್ಕದಲ್ಲಿ ಅದರ ಉಚ್ಚಾರ ಕನ್ನಡ ಲಿಪಿಯಲ್ಲಿ, ಆಮೇಲೆ ಅರ್ಥ.

ಕನ್ನಡ ಲಿಪಿ ಈ ಕೆಲಸಕ್ಕೆ ಎಷ್ಟು ಒದಗಿ ಬಂತು ಅಂದರೆ ನನಗೇ ಆಶ್ಚರ್ಯ. ಲಾಟ್ವಿಯನ್ನಿನಲ್ಲಿ ನಮ್ಮ ಹಾಗೇ ಹ್ರಸ್ವ ದೀರ್ಘದ ಕಟ್ಟುನಿಟ್ಟು. ದೀರ್ಘಕ್ಕೆ ಅಕ್ಷರದ ತಲೆ ಮೇಲೊಂದು ಗೀಟು ಎಳೆಯುತ್ತಾರೆ. 'ಕಜಸ್' ಅಂದರೆ ಮೇಕೆಗಳು, 'ಕಾಜಸ್' ಅಂದರೆ ಮದುವೆ! ಬಳೆ ಬಾಳೆ ಗೊತ್ತಿರುವವರಿಗೆ ಇದೇನು ಹೊಸದಲ್ಲ. ಇಂಗ್ಲಿಷ್ ಮಾತ್ರ ಗೊತ್ತಿರುವ ನನ್ನ ಸಹಪಾಠಿಗಳು ಮದುವೆಗೆ ಮೇಕೆ ಕರೆಯುತ್ತಿದ್ದಾಗ ನಾನು ಮೀಸೆಯಡಿ ನಗುತ್ತಿದ್ದೆ. ಇನ್ನೊಂದು ಸಂತೋಷ 'ಞ'. ಮೂರನೇ ವಯಸ್ಸಿನಿಂದ ವರ್ಣಮಾಲೆಯಲ್ಲಿ ಕಂಠಪಾಠ ಮಾಡಿ, ಮುಂದೆ ಜ್ಞಾನದಲ್ಲಿ ಒತ್ತಾಗಿ ಬಿಟ್ಟರೆ ಎಲ್ಲೂ ಕೆಲಸಕ್ಕೆ ಬಾರದೆ ಕೂತಿದ್ದ ಅಕ್ಷರ. ಲಾಟ್ವಿಯನ್ನಿನಲ್ಲಿ ಅದಕ್ಕೆ ಕೈತುಂಬ ಕೆಲಸ. ಮೈಞಸ್ ಆಯಿತು, ಉಣ್ಣೆಯನ್ನು ಒತ್ತಿ ಮಾಡುವ ಚಳಿಗಾಲದ ಬೂಟು 'ವೆಲ್ತೆಞಿ', ಶೂ ಲೇಸಿಗೆ ಆಡುಮಾತಿನಲ್ಲಿ 'ಶ್ಞುವೊರೆ'. ಈ ಕೊನೆಯದನ್ನು ಹೇಳಲು ನನಗೆ ಹದಿನೈದು ದಿನ ಬೇಕಾಯಿತು.

ಹೀಗೆ ಪಟ್ಟಿ ಬೆಳೆಯಿತು. ಸಾಮಾನ್ಯ ಶೂ ಒಂದಿದ್ದರೆ 'ಕುರ್ಪೆ', ಜೋಡಿಯಾದರೆ 'ಕುರ್ಪೆಸ್'. 'ಕುರ್ಪೆ' ಅಂತ ಕನ್ನಡದಲ್ಲಿ ಬರೆದು ನೋಡಿದರೆ ತುಮಕೂರು ಜಿಲ್ಲೆಯ ಯಾವುದೋ ಊರಿನ ಹೆಸರಿನ ಹಾಗಿದೆ. ಪಕ್ಕದ ಲಿಥುವೇನಿಯಾದಲ್ಲೂ ಇದೇ ಪದ. ಬೂಟು 'ಜಾಬಕ್ಸ್', ಇದು ರಷ್ಯನ್ನರ 'ಸಪೋಗ್'ನ ನಂಟು. ಮನೆಯೊಳಗಿನ ಚಪ್ಪಲಿ 'ಚೀಬಸ್'. ಹಿಂದೆ ಪಟ್ಟಿಯಿಲ್ಲದೆ ಸುಮ್ಮನೆ ಕಾಲು ತೂರಿಸುವಂಥದ್ದು 'ತುಪೆಲೆಸ್'. ಅಟ್ಟೆಗೆ 'ಜುವೊಲೆ', ಇದೂ ಶ್ಞುವೊರೆಯೂ ಜರ್ಮನರ ಕೊಡುಗೆ. ಶತಮಾನಗಟ್ಟಲೆ ಜರ್ಮನ್ ಜಮೀನ್ದಾರರು, ಆಮೇಲೆ ರಷ್ಯನ್ ಆಳ್ವಿಕೆ. ಇವರ ಚರಿತ್ರೆ ಕಾಲಿನ ಬುಡದಲ್ಲೇ ಬಿದ್ದಿದೆ. ನಮ್ಮ ಬೂಟು, ಶೂ, ಸಾಕ್ಸು, ಲೇಸು ಎಲ್ಲ ಯಾರ ಕೊಡುಗೆ ಅಂತ ನೆನೆದರೆ ನಮ್ಮದೂ ಹಾಗೇ ಅನ್ನಿ.

ಪಾದಕ್ಕೆ ಬಂದಾಗ ಮಾತ್ರ ನಾನು ಶೀಟ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಲಾಟ್ವಿಯನ್ನಿನಲ್ಲಿ 'ಕಾಯ' ಅಂದರೆ ತೊಡೆಯಿಂದ ಬೆರಳಿನ ತನಕ ಇಡೀ ಕಾಲು. ಇಂಗ್ಲಿಷಿನವರ ಹಾಗೆ ಲೆಗ್ ಬೇರೆ ಫೂಟ್ ಬೇರೆ ಅಂತಿಲ್ಲ, ನಮ್ಮ ಕಾಲಿನ ಹಾಗೇ. ಅಂಗಾಲು, ಪಾದ, ಹೆಜ್ಜೆಗುರುತು ಅನ್ನುವಾಗ ಬೇರೆ ಪದ ಬರುತ್ತದೆ. ಅದು 'ಪ್ಯಾದ'. ಹೌದು, ನಮ್ಮ ಪಾದವೇ. ಕಾಯಕ್ಕೂ ಕಾಲಿಗೂ ಸಂಬಂಧವಿಲ್ಲ, ಅದು ಬರೀ ಕಾಕತಾಳೀಯ. ಪ್ಯಾದ ಮಾತ್ರ ನಿಜವಾದ ನೆಂಟ. ಲಾಟ್ವಿಯನ್ ಮತ್ತು ಸಂಸ್ಕೃತ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು. ಕನ್ನಡ ದ್ರಾವಿಡದ್ದಾದರೂ ಪಾದವನ್ನು ಸಂಸ್ಕೃತದಿಂದ ತಂದುಕೊಂಡಿದೆ. ಹೀಗೆ ಒಂದೇ ಪದ ಎರಡು ದಾರಿಯಲ್ಲಿ ನಡೆದುಕೊಂಡು ಬಂದು ರಿಗಾದ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಭೇಟಿಯಾಯಿತು.

ಪದ ಗೊತ್ತಿದ್ದರೆ ಸಾಕೇ? ವಿಭಕ್ತಿ ಬೇಡವೇ? ಮಾರನೇ ಶನಿವಾರ ಮಗಳ ಬೂಟಿನ ಜೊತೆ ನನಗೂ ಒಂದು ಜೊತೆ ತರೋಣ ಅಂತ ಹೋದೆ. ಧೈರ್ಯವಾಗಿ "ಮನ್ ವಯಗ್ ಜಾಬಕು" ಅಂದೆ. 'ಮನ್' ಅಂದರೆ ನನಗೆ, 'ವಯಗ್' ಅಂದರೆ ಬೇಕು. ನಮ್ಮ ಹಾಗೇ ಚತುರ್ಥಿ ವಿಭಕ್ತಿ, ಇಂಗ್ಲಿಷಿನ 'ನಾನು ಬಯಸುತ್ತೇನೆ' ಗೊಡವೆಯೇ ಇಲ್ಲ. 'ನನಗೆ ಇಷ್ಟ' ಅನ್ನುವುದಕ್ಕೂ ಇದೇ 'ಮನ್'. ಇಷ್ಟು ಸುಲಭವಾದ ಖುಷಿಯಲ್ಲಿ ದ್ವಿತೀಯಾ ವಿಭಕ್ತಿಯ ಬಹುವಚನ ಮರೆತಿದ್ದೆ. ಅಂಗಡಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ವಿಯೆನು?" ಅಂದರು. ಒಂದೇನಾ? ನಾನು "ಯಾ, ಯಾ" ಅಂದೆ, ಒಂದು ಜೊತೆ ಸಾಕು ಅನ್ನುವ ಅರ್ಥದಲ್ಲಿ. ಆಕೆ ಮುಖದ ಒಂದು ಗೆರೆಯೂ ಅಲುಗದ ಹಾಗೆ, "ಕ್ರೆಯ್ಸುವೊ ವಯ್ ಲಬುವೊ?" ಅಂತ ಕೇಳಿದರು. ಎಡಗಾಲಿನದೋ, ಬಲಗಾಲಿನದೋ?

'ಜಾಬಕು' ಅಂದರೆ ಒಂದೇ ಒಂದು ಬೂಟನ್ನು. 'ಜಾಬಕುಸ್' ಅನ್ನಬೇಕಿತ್ತು. ಒಂದು ಸಕಾರದ ಬಗ್! ಲಾಟ್ವಿಯನ್ನರು ನಗುವುದು ಕಮ್ಮಿ ಅನ್ನುತ್ತಾರೆ. ಹಾಗಲ್ಲ, ಅವರು ಮುಖದಲ್ಲಿ ನಗುವುದಿಲ್ಲ ಅಷ್ಟೇ.

ಆಕೆ ಹೇಳಿದ 'ಲಬುವೊ' ಮನೆಗೆ ಬಂದ ಮೇಲೂ ತಲೆಯಲ್ಲಿ ಉಳಿಯಿತು. 'ಲಬ್ಸ್' ಅಂದರೆ ಒಳ್ಳೆಯದು. 'ಲಬಯ್ಸ್' ಅಂದರೆ ಬಲಗಡೆಯದು. ಬಲಗಾಲು ಅಂದರೆ ಒಳ್ಳೆಯ ಕಾಲು. ಯಾರಾದರೂ ಬೆಳಿಗ್ಗೆಯಿಂದ ಸಿಡಿಮಿಡಿ ಅನ್ನುತ್ತಿದ್ದರೆ, ಇವತ್ತು ಎಡಗಾಲಿಟ್ಟು ಹಾಸಿಗೆಯಿಂದ ಇಳಿದಿದ್ದಾನೆ ಅನ್ನುತ್ತಾರೆ ಇವರು. ಬಲಗಾಲಿಟ್ಟು ಒಳಗೆ ಬಾ ಅಂತ ಸೊಸೆಯನ್ನು ಕರೆಯುವ ನಮಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಮಪದಗಳು ಹೇಗೋ ಬಾಯಿಪಾಠ ಆದವು, ನನ್ನನ್ನು ನಿಲ್ಲಿಸಿದ್ದು ಒಂದು ಕ್ರಿಯಾಪದ. ಶಿಶುವಿಹಾರದ ಬಾಗಿಲಲ್ಲಿ ಟೀಚರು ಮಕ್ಕಳನ್ನು ಹೊರಗೆ ಹೊರಡಿಸುವಾಗ ದಿನಾ ರಾಗವಾಗಿ "ಔನಮ್ ಜಾಬತ್ಸಿಞುಸ್!" ಅನ್ನುತ್ತಿದ್ದರು. ಜಾಬತ್ಸಿಞುಸ್ ಅಂದರೆ ಪುಟಾಣಿ ಬೂಟುಗಳನ್ನು. ಇವರು ಎಲ್ಲವನ್ನೂ ಮುದ್ದು ಮಾಡುವ ಜನ, ಶೂ 'ಕುರ್ಪೀತೆ' ಆಗುತ್ತದೆ, ಕಾಲು 'ಕಾಯಿಞ' ಆಗುತ್ತದೆ. ಆದರೆ 'ಔನಮ್' ಏನು? ಫೋನಿನ ಅನುವಾದದ ಆ್ಯಪಿಗೆ ಆ ಒಂದೇ ಪದ ಹಾಕಿದೆ. 'ಟಗರಿಗೆ' ಅಂತ ಬಂತು. ಇನ್ನೊಮ್ಮೆ ಹಾಕಿದೆ. ಟಗರಿಗೇ. ಮಕ್ಕಳಿಗೆ ಬೂಟು ಹಾಕುವ ಜಾಗದಲ್ಲಿ ಟಗರು ಎಲ್ಲಿಂದ ಬಂತು? ಆ್ಯಪಿನ ತಪ್ಪೂ ಅಲ್ಲ. 'ಔನ್ಸ್' ಅಂದರೆ ಟಗರು, ಇಲ್ಲಿನ ಪತ್ರಿಕೆಗಳ ವಾರಭವಿಷ್ಯದಲ್ಲಿ ಮೇಷ ರಾಶಿಗೂ ಅದೇ ಹೆಸರು. ಅದರ ಚತುರ್ಥಿ ರೂಪ 'ಔನಮ್'. ಆದರೆ 'ಔತ್' ಅಂತ ಒಂದು ಕ್ರಿಯಾಪದವೂ ಇದೆ, ಅದರ 'ನಾವು' ರೂಪವೂ 'ಔನಮ್'.

ಈ 'ಔತ್' ಅಂದರೆ ಕಾಲಿಗೆ ಹಾಕಿಕೊಳ್ಳುವುದು. ಕಾಲಿಗೆ ಮಾತ್ರ! ಅಂಗಿಗೆ ಔತ್ ಬರುವುದಿಲ್ಲ. ಬಟ್ಟೆಗೆ 'ಗ್ಯೇರ್ಬ್ತ್' ಅಥವಾ ಎಳೆ ಎಂಬ ಅರ್ಥದ 'ವಿಲ್ಕ್ತ್', ಟೋಪಿಗೆ ಇಡು ಎಂಬ ಅರ್ಥದ 'ಲಿಕ್ತ್', ಸ್ಕಾರ್ಫಿಗೆ ಕಟ್ಟು ಎಂಬ 'ಸಿಯೆತ್'. ಔತ್ ಪಾದರಕ್ಷೆಗೆ, ಹೆಚ್ಚೆಂದರೆ ಕಾಲುಚೀಲಕ್ಕೆ ಮೀಸಲು. ಅದರ ಮುಂದೆ ಉಪಸರ್ಗ ಹಚ್ಚಿದರೆ ಇನ್ನೂ ಚೆಂದ. 'ಉಜ್-ಔತ್' ಅಂದರೆ ಬೂಟನ್ನು ಕಾಲ ಮೇಲೆ ಏರಿಸುವುದು. 'ನುವೊ-ಔತ್' ಕಳಚುವುದು. 'ಅಪ್-ಔತ್' ಅಂದರೆ ಸುತ್ತ ಹಾಕುವುದು, ಇಲ್ಲಿ ಕರ್ಮಪದ ಬೂಟಲ್ಲ, ಕಾಲು. ಬೂಟನ್ನು ಕಾಲಿಗೆ ಹಾಕುವುದೂ ಸರಿ, ಕಾಲಿಗೆ ಬೂಟು ಸುತ್ತಿಸುವುದೂ ಸರಿ. ಆ ಚೀಟಿಯಲ್ಲಿದ್ದ 'ಅಪವಿ' ಹುಟ್ಟಿದ್ದೇ ಈ ಅಪ್-ಔತ್‌ನಿಂದ. ಕಾಲ ಸುತ್ತ ಇರುವುದೆಲ್ಲ ಅಪವಿ. ರಷ್ಯನ್ನಿನಲ್ಲಿ ಪಾದರಕ್ಷೆಗೆ ಹೇಳುವ 'ಓಬುವ್' ಕೂಡ ಇದೇ ಬೇರಿನದು. ದಿನಬಳಕೆಯಲ್ಲಿ ಬೂಟಿಗೂ ವಿಲ್ಕ್ತ್ ಅನ್ನುವವರು ಇಲ್ಲೂ ಬೇಕಾದಷ್ಟಿದ್ದಾರೆ. ಆದರೆ ಶಿಶುವಿಹಾರದಲ್ಲಿ ಕಲಿಸುವುದು ಔತ್.

ಮಗಳಿಗೆ ಇದೆಲ್ಲ ನೀರು ಕುಡಿದ ಹಾಗೆ. ಬೆಳಿಗ್ಗೆ ಗೊಂಬೆಗೆ ಅಂಗಿ ಹಾಕುವಾಗ ಒಂದು ಪದ, ಟೋಪಿಗೆ ಇನ್ನೊಂದು, ಬೂಟಿಗೆ ಔತ್. ಅದೇ ಆಟವನ್ನು ಕನ್ನಡದಲ್ಲಿ ಆಡು ಅಂದರೆ, "ಅಂಗಿ ಹಾಕ್ಕೋ, ಟೋಪಿ ಹಾಕ್ಕೋ, ಬೂಟು ಹಾಕ್ಕೋ". ಅಯ್ಯೋ, ಕನ್ನಡ ಎಷ್ಟು ಬಡವಾಯಿತಲ್ಲ ಅಂತ ನಾನು ಹೆಂಡತಿ ಹತ್ತಿರ ಅಂದೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳಿದರೆ ಒಂದೇ ಫಂಕ್ಷನ್ನಿನ ಮೇಲೆ ಎಲ್ಲ ಭಾರ ಹೇರಿದ ಹಾಗೆ, ಹಾಕು ಅನ್ನುವ ಒಂದೇ ಪದ ಕಾಫಿಗೆ ಸಕ್ಕರೆಯನ್ನೂ ಹಾಕಬೇಕು, ಬಾಗಿಲನ್ನೂ ಹಾಕಬೇಕು, ಬೂಟನ್ನೂ ಹಾಕಬೇಕು.

ಆ ಭಾನುವಾರ ತಿಪಟೂರಿನ ಹತ್ತಿರದ ನಮ್ಮೂರಿಗೆ ವಿಡಿಯೊ ಕಾಲ್ ಮಾಡಿದಾಗ ಅಮ್ಮ ತೋಟಕ್ಕೆ ಹೊರಟಿದ್ದರು. ಪಕ್ಕದಲ್ಲಿದ್ದ ಅಪ್ಪನಿಗೆ, "ಬರಿಗಾಲಲ್ಲಿ ಹೋಗ್ಬೇಡಿ, ಮುಳ್ಳಿದೆ, ಚಪ್ಪಲಿ ಮೆಟ್ಕೊಂಡು ಹೋಗಿ" ಅಂದರು.

ಮೆಟ್ಕೊಂಡು!

ನಾನು ಹುಟ್ಟಿದಾಗಿನಿಂದ ಕೇಳಿದ ಪದ. ಮೆಟ್ಟು ಅಂದರೆ ತುಳಿ, ಮೆಟ್ಟಿಕೊ ಅಂದರೆ ಕಾಲಿಗೆ ಹಾಕಿಕೊ, ಕೆಲವು ಕಡೆ ಚಪ್ಪಲಿಯ ಹೆಸರೇ ಮೆಟ್ಟು. ಅಂಗಿಗೆ ಮೆಟ್ಟಿಕೊ ಬರುವುದಿಲ್ಲ, ಅಂಗಿಗೆ ತೊಡು. ಸೀರೆ ಪಂಚೆಗೆ ಉಡು. ಹೂವಿಗೆ ಮುಡಿ. ಕುಂಕುಮಕ್ಕೆ ಇಡು. ಅಮ್ಮ ಇವತ್ತಿಗೂ ಇದರಲ್ಲಿ ಒಂದನ್ನೂ ತಪ್ಪಿಸುವುದಿಲ್ಲ. ಬಡವಾಗಿದ್ದು ಕನ್ನಡ ಅಲ್ಲ, ನಮ್ಮ ಮನೆಯ ಕನ್ನಡ. ತುಮಕೂರಿನ ಹಾಸ್ಟೆಲು, ಬೆಂಗಳೂರಿನ ಆಫೀಸು ಸುತ್ತುವ ಹೊತ್ತಿಗೆ ನಾನು ಉಡು, ತೊಡು, ಮೆಟ್ಟು ಎಲ್ಲ ಕಳಚಿ ಹಾಕುವುದೊಂದನ್ನೇ ಇಟ್ಟುಕೊಂಡಿದ್ದೆ. ಮಗಳಿಗೆ ಕೊಟ್ಟಿದ್ದೂ ಅದನ್ನೇ. ಅವಳು ಕನ್ನಡ ಕೇಳುವುದು ನಮ್ಮಿಬ್ಬರ ಬಾಯಿಂದ ಮಾತ್ರ. ನಾವು ಆಡದ ಪದ ಅವಳ ಪಾಲಿಗೆ ಇಲ್ಲವೇ ಇಲ್ಲ. ಹೆಂಡತಿ ಇದನ್ನು ಬಹಳ ಸರಳವಾಗಿ ಹೇಳಿದಳು: "ಬೂಟಿನ ಚೀಟಿ ಓದೋಕೆ ಬರ್ಲಿಲ್ಲ ಅಂತ ಅವತ್ತು ಅಷ್ಟು ಬೇಜಾರು ಮಾಡ್ಕೊಂಡ್ರಿ. ಇದೂ ಹಾಗೇ ಅಲ್ವಾ?"

ಆವತ್ತಿನಿಂದ ನನ್ನ ಶೀಟಿಗೆ ನಾಲ್ಕನೇ ಕಾಲಂ ಸೇರಿತು, ಅದು ಅಮ್ಮನ ಕಾಲಂ. ಲಾಟ್ವಿಯನ್ ಪದ ಹೇಳಿ, ಇದಕ್ಕೆ ನಮ್ಮಲ್ಲೇನು ಅಂತ ಭಾನುವಾರ ಕೇಳುವುದು. ಜೊತೆಗೆ 'ಪಾರಿಸ್' ಅಂತಾರೆ ಅಂದೆ, ಅದಕ್ಕೆ ಕೆಲವು ಅನ್ನುವ ಅರ್ಥವೂ ಇದೆ. ಅಮ್ಮ, "ನಮ್ಮಲ್ಲಿ ಜೋಡು ಅಂದ್ರೆ ಜೊತೇನೂ ಹೌದು ಚಪ್ಪಲೀನೂ ಹೌದು" ಅಂದರು. ಹೊಸ ಶೂ ಕಾಲಿಗೆ ತೊಂದರೆ ಕೊಟ್ಟರೆ ಲಾಟ್ವಿಯನ್ನರು ಅದು 'ಸ್ಪಿಯೆಜ್', ಅಂದರೆ ಒತ್ತುತ್ತದೆ, ಇಲ್ಲವೇ 'ಬೆರ್ಜ್', ಉಜ್ಜುತ್ತದೆ ಅನ್ನುತ್ತಾರೆ. ನಮ್ಮ ಚಪ್ಪಲಿ ಮಾತ್ರ ಕಚ್ಚುತ್ತದೆ! ಇದನ್ನು ಭಾಷೆಯ ತರಗತಿಯಲ್ಲಿ ಹೇಳಿದಾಗ ನಮ್ಮ ಮೇಡಮ್ಮು ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕರು.

ಅಮ್ಮನಿಗೆ ಬಹಳ ಇಷ್ಟವಾಗಿದ್ದು ಚೀಬಸ್ ವಿಷಯ. ಇಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಶೂ ಕಳಚಬೇಕು. "ತೆ ಬೂಸ್ ಚೀಬಸ್", ಇಗೋ ಚಪ್ಪಲಿ, ಅಂತ ಅತಿಥಿಗೆಂದೇ ಇಟ್ಟ ಜೋಡಿಯನ್ನು ಮುಂದಿಡುತ್ತಾರೆ. ಮೊದಲ ಸಲ ಕೆಳಗಿನ ಮನೆಯ ಅಜ್ಜಿ ಕರೆದಾಗ ನನ್ನ ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಇಣುಕುತ್ತಿತ್ತು, ಚೀಬಸ್ ಮಾನ ಕಾಪಾಡಿತು. "ಬೂಟು ಮೆಟ್ಕೊಂಡು ಒಳಗೆ ಬರಲ್ವಾ? ಹಾಗಾದ್ರೆ ಒಳ್ಳೆ ಜನವೇ ಬಿಡು" ಅಂತ ಅಮ್ಮ ಇಡೀ ದೇಶಕ್ಕೆ ಸರ್ಟಿಫಿಕೇಟ್ ಕೊಟ್ಟರು.

ಎಲ್ಲವೂ ಹೊಂದುತ್ತದೆ ಅಂತೇನಿಲ್ಲ. ಇಲ್ಲಿ ದಡ್ಡನಿಗೆ 'ಬೂಟಿನಷ್ಟು ದಡ್ಡ' ಅನ್ನುತ್ತಾರೆ, ಹೆಂಡತಿ ಮಾತಿಗೆ ತಲೆಯಾಡಿಸುವವನನ್ನು ತುಪೆಲೆಯ ಕೆಳಗಿರುವವನು ಅನ್ನುತ್ತಾರೆ. ಬೈಗುಳ ಅಷ್ಟಕ್ಕೇ ಮುಗಿಯಿತು. ನಮ್ಮಲ್ಲಿ ಕೆರ, ಎಕ್ಕಡ ಅನ್ನುವ ಅಚ್ಚ ಹಳೆಯ ಪದಗಳು ಈಗ ಬದುಕಿರುವುದೇ ಬಹುಮಟ್ಟಿಗೆ ಬೈಗುಳದಲ್ಲಿ. ಶೂ ಮಾಡುವವನಿಗೆ ಇಲ್ಲಿ 'ಕುರ್ಪ್‌ನಿಯೆಕ್ಸ್' ಅನ್ನುತ್ತಾರೆ. ಅದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡವರಿದ್ದಾರೆ, ಯಾವ ಅಳುಕೂ ಇಲ್ಲದೆ ಕಾಲಿಂಗ್ ಬೆಲ್ಲಿನ ಪಕ್ಕ ಬರೆದುಕೊಳ್ಳಬಹುದಾದ ಹೆಸರು ಅದು. ಬಸವಣ್ಣನವರಿಗೆ ತಮ್ಮ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟರು ಅಂತ ನಾವು ಹರಳಯ್ಯ ದಂಪತಿಯ ಕಥೆ ಹೇಳುತ್ತೇವೆ. ಅವರ ಕಸುಬಿನ ಹೆಸರನ್ನು ಮಾತ್ರ ಇವತ್ತಿಗೂ ಒಬ್ಬರ ಮುಖಕ್ಕೆ ಹೊಡೆಯುವ ಹಾಗೆ ಬಳಸುತ್ತೇವೆ. ಈ ಸಾಲನ್ನು ಶೀಟಿನಲ್ಲಿ ತುಂಬುವಾಗ ಅಮ್ಮನ ಕಾಲಮ್ಮನ್ನು ಖಾಲಿ ಬಿಟ್ಟೆ.

ಹಳೆಯ ಕಾಲದ ಪಾದರಕ್ಷೆಗಳಿಗೂ ಇಲ್ಲಿ ಒಂದು ಮರ್ಯಾದೆಯ ಜಾಗ ಇದೆ. ಒಂದೇ ತುಂಡು ತೊಗಲನ್ನು ಪಾದದ ಸುತ್ತ ನೆರಿಗೆ ಹಿಡಿದು, ದಾರದಿಂದ ಕಾಲಿಗೆ ಬಿಗಿಯುವ 'ಪಸ್ತಲಸ್'. ತೊಗಲಿಗೂ ಗತಿಯಿಲ್ಲದವರು ಲಿಂಡನ್ ಮರದ ನಾರು ಹೆಣೆದು ಮಾಡಿಕೊಳ್ಳುತ್ತಿದ್ದ 'ವೀಜೆಸ್'. ಐದು ವರ್ಷಕ್ಕೊಮ್ಮೆ ರಿಗಾದಲ್ಲಿ ದೊಡ್ಡ ಹಾಡು-ಕುಣಿತದ ಹಬ್ಬ ನಡೆಯುತ್ತದೆ, 1873ರಲ್ಲಿ ಶುರುವಾಗಿದ್ದು. ನಾವು ಬಂದ ವರ್ಷವೇ, 2023ರ ಜುಲೈನಲ್ಲಿ, ಅದರ 150ನೇ ವರ್ಷದ ಮೆರವಣಿಗೆ ನೋಡುವ ಭಾಗ್ಯ ಸಿಕ್ಕಿತು. ಆಗ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ತಲೆಯ ಹೂವಿನ ಕಿರೀಟವನ್ನೇ ನೋಡುತ್ತಾ ನಿಂತಿದ್ದೆ, ಫೋಟೊಗಳಲ್ಲೆಲ್ಲ ಬರೀ ತಲೆಗಳು. ಈಗ ಅವನ್ನು ಮತ್ತೆ ತೆಗೆದು ದೊಡ್ಡದು ಮಾಡಿ ಕಾಲು ಹುಡುಕುತ್ತೇನೆ. ಒಂದೆರಡರಲ್ಲಿ ಕಸೂತಿ ಕಾಲುಚೀಲದ ಮೇಲೆ ಪಸ್ತಲಸ್ ದಾರ ಅಡ್ಡಡ್ಡ ಸುತ್ತಿರುವುದು ಕಾಣುತ್ತದೆ.

ಮಗಳ ಸದ್ಯದ ನೆಚ್ಚಿನ ಪುಸ್ತಕ 'ರುಂಟ್ಸಿಸ್ ಜಾಬಕುವೊಸ್'. ಬೂಟು ಹಾಕಿದ ಬೆಕ್ಕಿನ ಹಳೇ ಕಥೆ. ಲಾಟ್ವಿಯನ್ನಿನಲ್ಲಿ ಹೆಸರಿನ ಅಕ್ಷರಶಃ ಅರ್ಥ 'ಬೂಟುಗಳಲ್ಲಿ ಗಂಡುಬೆಕ್ಕು', ಸಪ್ತಮೀ ವಿಭಕ್ತಿ. ರಾತ್ರಿ ಅದನ್ನು ನಾನು ಕನ್ನಡದಲ್ಲಿ ಹೇಳಬೇಕು. ಮೊದಲೆಲ್ಲ "ಬೆಕ್ಕು ಬೂಟು ಹಾಕ್ಕೊಂಡು ಹೊರಟಿತು" ಅನ್ನುತ್ತಿದ್ದೆ. ಈಗ "ಮೆಟ್ಕೊಂಡು ಹೊರಟಿತು" ಅನ್ನುತ್ತೇನೆ. ಮೊದಮೊದಲು ನನ್ನ ಬಾಯಿಗೇ ಅದು ಹೊಸ ಶೂ ಥರ ಬಿಗಿಯಾಗಿತ್ತು, ನಾಟಕದವರ ಮಾತಿನ ಹಾಗೆ ಕೇಳುತ್ತಿತ್ತು. ವಾರ ಹದಿನೈದು ದಿನದಲ್ಲಿ ಸಡಿಲವಾಯಿತು. ಮಗಳೂ ಹಿಡಿದುಕೊಂಡಳು. ಬೆಳಿಗ್ಗೆ ಬಾಗಿಲಲ್ಲಿ ಕೂತು, "ಅಪ್ಪಾ, ನಾನೇ ಮೆಟ್ಕೋತೀನಿ" ಅನ್ನುತ್ತಾಳೆ, ಬಲದ ಬೂಟಿಗೆ ಎಡಗಾಲು ತೂರಿಸುತ್ತಾ.

ಕಳೆದ ವಾರ ಇದನ್ನೇ ವಿಡಿಯೊದಲ್ಲಿ ಅಜ್ಜಿಗೆ ತೋರಿಸಿದಳು. ಅಮ್ಮನಿಗೆ ಖುಷಿಯೋ ಖುಷಿ. "ಅಯ್ಯೋ ನನ್ ಕಂದ, ಎಲ್ಲಿ ಕಲಿತೆ ಆ ಮಾತು?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೇನೋ ಇದ್ದಕ್ಕಿದ್ದಂತೆ ಮೆಟ್ಕೊಂಡಿರೋದು, ಇಷ್ಟು ದಿನ ಇಲ್ದಿದ್ ಕನ್ನಡ? ದೆವ್ವ ಮೆಟ್ಕೊಂಡಂಗೆ ಆಡ್ತೀಯ" ಅಂತ ನಕ್ಕರು.

ಮಗಳು ಬೂಟಿನ ಕೆಲಸ ಅರ್ಧಕ್ಕೇ ಬಿಟ್ಟು ತಲೆ ಎತ್ತಿದಳು. ಬಹಳ ಗಂಭೀರವಾಗಿ ಕೇಳಿದಳು:

"ಅಜ್ಜೀ, ದೆವ್ವದ ಕಾಲಿಗೆ ಎಷ್ಟನೇ ನಂಬರ್ ಬೇಕು?"